ಗೂಳೂರಿಗೆ ಹೊತ್ತೊಯ್ದ ಲೆಕ್ಕದ ಹಾಳೆ

ತುಮಕೂರಿನಲ್ಲಿ ಕುಣಿಗಲ್ ಕಡೆಯ ಬಸ್ಸು ಹತ್ತಿದ ನಮ್ಮ ಮೂವರಲ್ಲಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡವರು ನಮ್ಮ ಯಜಮಾನರೊಬ್ಬರೇ. ನನಗೂ ಮೊಮ್ಮಗಳಿಗೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟು. ಇವರು ಹಿರಿಯ ನಾಗರಿಕರ ಕಾರ್ಡು ತೋರಿಸಿದರು. ನೂರಕ್ಕೆ 25 ರಿಯಾಯಿತಿ ಸಿಕ್ಕಿತು. “ತಾತ, ಇವತ್ತು ಖರ್ಚೆಲ್ಲ ನಿಮ್ಮ ತಲೆಗೇ” ಎನ್ನುತ್ತ ಮೊಮ್ಮಗಳು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಈ ಬರೆದುಕೊಳ್ಳುವ ಚಟ ಅವಳಿಗೆ ನನ್ನಿಂದ ಬಂದದ್ದು. ಮದುವೆಯಾದ ವರ್ಷದಿಂದಲೂ ನಾನು ಖರ್ಚಿನ ಪುಸ್ತಕ ಬರೆಯುತ್ತಿದ್ದೇನೆ. ಹಾಲು, ಸೊಪ್ಪು, ಮುಯ್ಯಿ, ಕಳೆದುಹೋದ ಕೊಡೆ ಎಲ್ಲವೂ ಅದರಲ್ಲಿವೆ. ಇವರು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಮಾತ್ರೆ, ಗಣ ಎಣಿಸುವುದರಲ್ಲಿ ಗಟ್ಟಿಗರು, ರೂಪಾಯಿ ಎಣಿಸುವುದರಲ್ಲಿ ಅಷ್ಟಕ್ಕಷ್ಟೆ.

ಆದರೆ ಈ ಸಲ ಲೆಕ್ಕದ ಹಾಳೆ ತಯಾರಿಸಿದ್ದವರು ಇವರೇ. ಅದನ್ನು ಮಡಿಸಿ, ಬಣ್ಣಬಣ್ಣದ ಒಂದು ಪುಸ್ತಿಕೆಯೊಳಗಿಟ್ಟು, ಚೀಲದಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದರು.

ಪುಸ್ತಿಕೆ ಬೆಂಗಳೂರಿನ ಹೊರವಲಯದ ಒಂದು ಹಿರಿಯರ ವಸತಿ ಸಮುಚ್ಚಯದ್ದು. ವೃದ್ಧಾಶ್ರಮ ಅಂದರೆ ಅಲ್ಲಿನವರಿಗೆ ಸಿಟ್ಟು ಬರುತ್ತದೆ, ಹಾಗನ್ನಬಾರದು. 55 ವರ್ಷ ದಾಟಿದವರಿಗೆ ಮಾತ್ರ ಮನೆ ಕೊಡುತ್ತಾರೆ. ಸ್ವಂತ ಅಡುಗೆಮನೆ ಇರುತ್ತದೆ, ಬೇಡವೆಂದರೆ ಊಟದ ಹಾಲಿನಲ್ಲಿ ಮೂರು ಹೊತ್ತೂ ಊಟ. ನಡೆಯಲು ದಾರಿ, ಯೋಗಕ್ಕೆ ಕೋಣೆ, ಕೇರಂ, ಗಾಯನದ ಕ್ಲಾಸು, ದಿನವಿಡೀ ನರ್ಸು. ಬಚ್ಚಲುಮನೆಯಲ್ಲಿ ಒಂದು ಕೆಂಪು ಹಗ್ಗ ನೇತುಹಾಕಿರುತ್ತಾರೆ, ಬಿದ್ದರೆ ಎಳೆಯಬೇಕು, ಜನ ಓಡಿ ಬರುತ್ತಾರೆ. ನಾವಿಬ್ಬರೂ ಒಂದು ಶನಿವಾರ ಹೋಗಿ ನೋಡಿ ಬಂದಿದ್ದೆವು. ಸುಳ್ಳೇಕೆ ಹೇಳಲಿ, ನನಗೂ ಹಿಡಿಸಿತ್ತು. ಮೂವತ್ತಾರು ವರ್ಷ ಬೆಳಿಗ್ಗೆ ಎದ್ದು ಸ್ಟೋವು, ಗ್ಯಾಸು ಹಚ್ಚಿದವಳಿಗೆ ಇನ್ನೊಬ್ಬರು ಬಿಸಿ ಇಡ್ಲಿ ತಂದು ಮುಂದಿಟ್ಟರೆ ಹೇಗಾಗಬಹುದು, ನೀವೇ ಯೋಚಿಸಿ.

ಮೊಮ್ಮಗಳು ಬಸ್ಸಿನಲ್ಲಿ ಆ ಪುಸ್ತಿಕೆ ತಿರುವಿ ಹಾಕಿದಳು. ಪುಟಪುಟದಲ್ಲೂ ಬಿಳಿ ಕೂದಲಿನ ಗಂಡಸರು, ಹೆಂಗಸರು. “ಇವರೆಲ್ಲ ಯಾಕಜ್ಜಿ ಇಷ್ಟೊಂದು ನಗ್ತಾ ಇದಾರೆ?” ಎಂದಳು. ನಮಗೆ ಉತ್ತರ ಗೊತ್ತಿರಲಿಲ್ಲ.

ಇದನ್ನೆಲ್ಲ ಕಟ್ಟಿಕೊಂಡು ಗೂಳೂರಿಗೆ ಹೊರಟಿದ್ದೇಕೆಂದರೆ, ಆ ಮನೆಯ ಬೆಲೆ 48 ಲಕ್ಷ. ಇವರಿಗೆ ಕಳೆದ ವರ್ಷ ಸೆಪ್ಟೆಂಬರಿನಲ್ಲಿ ನಿವೃತ್ತಿಯಾದಾಗ ಬಂದ ಉಪದಾನ, ರಜೆಯ ನಗದು, ಹಳೆಯ ಉಳಿತಾಯ ಎಲ್ಲ ಸೇರಿ 30 ಲಕ್ಷ ಕೂಡಿತ್ತು. ಉಳಿದ 18 ಲಕ್ಷಕ್ಕೆ ದಾರಿ ಒಂದೇ. ಗೂಳೂರಿನ ಹಂಚಿನ ಮನೆಯಲ್ಲಿ ಇವರ ಅರ್ಧ ಪಾಲು, ಅದರ ಹಿತ್ತಲು, ಹನ್ನೆರಡು ತೆಂಗಿನ ಮರ. ಇನ್ನರ್ಧ ತೀರಿಹೋದ ನಮ್ಮ ಭಾವನವರದು. ಅದರಲ್ಲಿ ಅಕ್ಕ, ಅಂದರೆ ನನ್ನ ಓರಗಿತ್ತಿ, ಒಬ್ಬರೇ ಇದ್ದಾರೆ. ಪಾಲು ಮಾರುವ ಮಾತನ್ನು ಅವರ ಮುಂದೆ ಆಡಬೇಕಿತ್ತು. ಫೋನಿನಲ್ಲಿ ಆಡುವ ಮಾತಲ್ಲ ಅದು.

ಗೂಳೂರು ತುಮಕೂರಿಗೆ ಅಂಟಿಕೊಂಡಂತೆಯೇ ಇದೆ. ಕುಣಿಗಲ್ ರಸ್ತೆಯಲ್ಲಿ ಊರು ಮುಗಿಯಿತು ಅನ್ನುವಷ್ಟರಲ್ಲಿ ಬಂದುಬಿಡುತ್ತದೆ. ತೆಂಗು, ಅಡಿಕೆ, ರಾಗಿ ಹೊಲ, ದೊಡ್ಡ ಕೆರೆ. ಹೊರಗಿನವರಿಗೆ ಈ ಊರು ಗೊತ್ತಿರುವುದು ಗಣಪನಿಂದ. ಬೇರೆ ಊರುಗಳಲ್ಲಿ ಚೌತಿಯ ದಿನ ಗಣಪನನ್ನು ತಂದು ಕೂರಿಸುತ್ತಾರೆ. ಇಲ್ಲಿ ಆ ದಿನ ಗಣಪನನ್ನು ಮಾಡಲು ಶುರು ಮಾಡುತ್ತಾರೆ! ಗುಡಿಯೊಳಗೇ ಮಣ್ಣು ಮೆತ್ತುತ್ತ ಮೆತ್ತುತ್ತ, ಭಾದ್ರಪದ ಕಳೆದು ಆಶ್ವಯುಜ ಮುಗಿದು ದೀಪಾವಳಿ ಬರುವ ಹೊತ್ತಿಗೆ ಆಳೆತ್ತರವನ್ನು ಮೀರಿದ ಮೂರ್ತಿ ಎದ್ದು ಕೂತಿರುತ್ತದೆ. ಬಲಿಪಾಡ್ಯಮಿಯಿಂದ ಪೂಜೆ. ಕಾರ್ತಿಕವೆಲ್ಲ ಪೂಜೆ ನಡೆದು, ಆಮೇಲೆ ಜಾತ್ರೆ ಮಾಡಿ, ಮೆರವಣಿಗೆಯಲ್ಲಿ ಒಯ್ದು ಕೆರೆಯಲ್ಲಿ ಬಿಡುತ್ತಾರೆ. ಊರಿನ ಹದಿನೆಂಟು ಕೋಮಿನವರೂ ಸೇರಿ ನಡೆಸುವ ಕೆಲಸ ಅದು.

ನಾವು ಹೋದದ್ದು ನವೆಂಬರಿನ ಮೊದಲ ವಾರ. ಇವರು ಆ ತಿಂಗಳನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ‘ನಾನು ಬದುಕಿದ್ದೇನೆ’ ಎಂದು ಬ್ಯಾಂಕಿಗೆ ಪ್ರಮಾಣ ಪತ್ರ ಕೊಡಬೇಕಲ್ಲ, ಇವರಿಗೆ ಅದು ಮೊದಲನೇ ಸಲ. ಹೊರಡುವ ಹಿಂದಿನ ದಿನವಷ್ಟೇ ಬೆರಳಚ್ಚು ಕೊಟ್ಟು ಬಂದಿದ್ದರು. “ಬದುಕಿದ್ದೀನಿ ಅಂತ ರುಜುವಾತಾಯ್ತು. ಇನ್ನು ಗಣಪನಿಗೆ ಹೇಳಿ ಬರೋಣ” ಎಂದು ನಗೆಯಾಡಿದ್ದರು. ನನಗೆ ನಗು ಬಂದಿರಲಿಲ್ಲ. ಬ್ಯಾಂಕಿನಲ್ಲಿ ಆ ಸಾಲಿನಲ್ಲಿ ನಿಂತಿದ್ದವರಲ್ಲಿ ಅರ್ಧಕ್ಕರ್ಧ ಹೆಂಗಸರೇ. ತಮ್ಮ ಸ್ವಂತ ಪಿಂಚಣಿಗಲ್ಲ, ಗಂಡ ಹೋದ ಮೇಲೆ ಬರುವ ಕುಟುಂಬ ಪಿಂಚಣಿಗೆ. ಆ ಸಾಲು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಅಕ್ಕ ಬಾಗಿಲಲ್ಲೇ ನಿಂತಿದ್ದರು. 71 ವರ್ಷ. ಭಾವ ಹೋದ ಮೇಲೆ ಸ್ವಲ್ಪ ಇಳಿದಿದ್ದಾರೆ, ದನಿ ಮಾತ್ರ ಹಾಗೆಯೇ ಇದೆ. “ಬಾರಮ್ಮಿ, ಎಷ್ಟ್ ದಿನ ಆತು ಮೊಕ ನೋಡಿ. ಏನಪ್ಪ ಮೇಷ್ಟ್ರೆ, ರಿಟೇರ್ಡ್ ಆದ್ಮೇಲಾದ್ರೂ ಊರ್ ನೆಪ್ಪಾತಾ?” ಇವರು “ಬಂದ್ವಲ್ಲ ಅತ್ತಿಗೆ” ಎಂದು ಚೀಲವನ್ನು ಕಾಲ ಹಿಂದಕ್ಕೆ ಸರಿಸಿಕೊಂಡರು. ಪುಸ್ತಿಕೆ ಇದ್ದ ಚೀಲ.

ಬೆಳಿಗ್ಗೆಯೇ ಗುಡಿಗೆ ಹೋದೆವು. ಮೊಮ್ಮಗಳು ತಲೆಯೆತ್ತಿ ನೋಡಿದವಳು ಹಾಗೇ ನಿಂತಳು. ಬೆಂಗಳೂರಿನ ಬೀದಿಯ ಗಣಪಗಳನ್ನು ನೋಡಿ ಬೆಳೆದವಳಿಗೆ ದೊಡ್ಡ ಗಣಪ ಹೊಸದಲ್ಲ. ಆದರೆ ಹಸಿ ಮಣ್ಣಿನಿಂದ ತಿಂಗಳುಗಟ್ಟಲೆ, ಅಲ್ಲೇ ಕೂತು ಮಾಡಿದ್ದು ಅಂದಾಗ ಅವಳ ಮುಖ ಬೇರೆಯಾಯಿತು. “ಇಷ್ಟು ಕಷ್ಟಪಟ್ಟು ಮಾಡಿ ನೀರಿಗೆ ಹಾಕ್ತಾರಾ? ವೇಸ್ಟ್ ಅಲ್ವಾ ದೊಡ್ಡಜ್ಜಿ?” ಎಂದು ಕೇಳಿದಳು. ಅಕ್ಕ ಅವಳನ್ನು ವಿಚಿತ್ರವಾಗಿ ನೋಡಿದರು. “ಕೆರೆ ಮಣ್ ಕೆರೆಗೋಯ್ತದೆ. ಮುಂದ್ಲೊರ್ಸಕ್ ಮಣ್ ಬ್ಯಾಡ್ವಾ ಮಗ?”

ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಹಸುವಿಗೆ ನೀರು ತೋರಿಸಲು ಹಿತ್ತಲಿಗೆ ಹೋದರು. ಆ ಹೊತ್ತು ನೋಡಿ ಇವರು ಜಗಲಿಯ ಮೇಲೆ ಹಾಳೆ ಬಿಚ್ಚಿದರು. ಇವರ ಲೆಕ್ಕ ಅಚ್ಚುಕಟ್ಟಾಗಿಯೇ ಇತ್ತು. ಪಿಂಚಣಿ ತಿಂಗಳಿಗೆ ತುಟ್ಟಿಭತ್ಯೆ ಸೇರಿ ಸುಮಾರು 45,000. ಸಮುಚ್ಚಯದವರಿಗೆ ಇಬ್ಬರ ಊಟ, ನಿರ್ವಹಣೆ, ನರ್ಸು, ಜಿಎಸ್‌ಟಿ ಎಲ್ಲ ಸೇರಿ 34,000. ಉಳಿಯುವುದು 11,000. “ಔಷಧಿಗೆ ನಾಲ್ಕು ಸಾವಿರ ತೆಗೆದರೂ ಏಳು ಸಾವಿರ ಮಿಗುತ್ತೆ. ಬೆಂಗಳೂರಿನ 18,000 ಬಾಡಿಗೆ ತಪ್ಪುತ್ತೆ. ಸ್ವಂತ ಮನೆ. ಇನ್ನೇನು ಬೇಕು?”

ಮೊಮ್ಮಗಳು ಪುಸ್ತಿಕೆಯ ಜೊತೆಗಿದ್ದ ಒಪ್ಪಂದದ ನಕಲನ್ನು ಓದುತ್ತಿದ್ದಳು. ಸಣ್ಣ ಅಕ್ಷರವನ್ನು ಓದಲು ನಮ್ಮಿಬ್ಬರಿಗೂ ಕನ್ನಡಕ ಬೇಕು, ಅವಳಿಗೆ ಬೇಡ. “ತಾತ, ಇಲ್ಲಿ ಪ್ರತಿ ವರ್ಷ ಎಂಟು ಪರ್ಸೆಂಟ್ ಜಾಸ್ತಿ ಅಂತ ಬರೆದಿದೆ.” ಎಂಟನೇ ಕ್ಲಾಸಿನಲ್ಲಿ ಈಗಷ್ಟೇ ಚಕ್ರಬಡ್ಡಿ ಕಲಿತಿದ್ದಳು. ಪುಸ್ತಿಕೆಯ ಹಿಂಬದಿಯ ಖಾಲಿ ಜಾಗದಲ್ಲಿ ಗುಣಿಸತೊಡಗಿದಳು. ನಾನು ಅವಳಿಗೆ ಹಳೆಯ ಉಪಾಯವೊಂದನ್ನು ಹೇಳಿಕೊಟ್ಟೆ. 72ನ್ನು ಬಡ್ಡಿಯ ದರದಿಂದ ಭಾಗಿಸು, ಎಷ್ಟು ವರ್ಷಕ್ಕೆ ದುಡ್ಡು ಇಮ್ಮಡಿಯಾಗುತ್ತದೆಂದು ಗೊತ್ತಾಗುತ್ತದೆ. 72ನ್ನು 8ರಿಂದ ಭಾಗಿಸಿದರೆ 9. ಒಂಬತ್ತು ವರ್ಷಕ್ಕೆ 34,000 ಹೋಗಿ 68,000. ಅವಳು ನಂಬಲಿಲ್ಲ, ಒಂಬತ್ತು ಸಲ ಗುಣಿಸಿಯೇ ನೋಡಿದಳು. “67,966 ಅಜ್ಜಿ! ಬರೀ ಮೂವತ್ನಾಕು ರೂಪಾಯಿ ವ್ಯತ್ಯಾಸ!” ಉಪಾಯ ಸರಿಯಾಗಿದ್ದಕ್ಕೆ ಅವಳಿಗೆ ಖುಷಿಯೋ ಖುಷಿ. ಇವರಿಗೆ ಮಾತ್ರ ಆ 67,966 ನುಂಗಲಾರದ ತುತ್ತಾಯಿತು.

ತುಟ್ಟಿಭತ್ಯೆಯೂ ಏರುತ್ತದೆ, ನಿಜ. ಆದರೆ ವರ್ಷ ವರ್ಷವೂ ನೂರಕ್ಕೆ ಎಂಟರಂತೆ ಏರಿಸುತ್ತೇವೆಂದು ನಮಗೆ ಯಾರೂ ಬರೆದುಕೊಟ್ಟಿಲ್ಲ. ಏರಿಸುತ್ತೇವೆಂದು ಅವರು ಬರೆದುಕೊಂಡಿದ್ದಾರೆ.

ಹಾಳೆಯಲ್ಲಿ ಇನ್ನೊಂದು ತಪ್ಪಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ಆ 30 ಲಕ್ಷ ಸುಮ್ಮನೆ ಪೆಟ್ಟಿಗೆಯಲ್ಲಿಲ್ಲ. ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ. 2023ರಿಂದ ಅದರಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. ನಮ್ಮದಕ್ಕೆ ಬಡ್ಡಿ ನೂರಕ್ಕೆ 8.2. ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬಂದು ಬೀಳುತ್ತದೆ. ತಿಂಗಳಿಗೆ 20,500 ಆಯಿತಲ್ಲ? ಮನೆ ಕೊಂಡರೆ ಅದು ನಿಂತುಹೋಗುತ್ತದೆ. 18,000 ಬಾಡಿಗೆ ಉಳಿಸಲು 20,500 ಆದಾಯ ಬಿಟ್ಟುಕೊಟ್ಟಂತೆ. ಅವಧಿಗೆ ಮೊದಲೇ ಖಾತೆ ಮುರಿದರೆ ದಂಡವೂ ಇದೆ. ಒಂದು ವರ್ಷ ಈಗಷ್ಟೇ ತುಂಬಿತ್ತು, ಎರಡು ತುಂಬಿರಲಿಲ್ಲ, ಹಾಗಾಗಿ ನೂರಕ್ಕೆ ಒಂದೂವರೆ. 30 ಲಕ್ಷಕ್ಕೆ 45,000. ಮನೆಯ ನೋಂದಣಿ, ಮುದ್ರಾಂಕ ಶುಲ್ಕ ಬೇರೆ ಮೂರೂವರೆ ಲಕ್ಷದ ಮೇಲಾಗುತ್ತಿತ್ತು. ಅದು ಹಾಳೆಯಲ್ಲಿ ಇರಲೇ ಇಲ್ಲ.

ಇವರು ಪೆನ್ನು ಕೆಳಗಿಟ್ಟರು. ಅಷ್ಟರಲ್ಲಿ ಮೊಮ್ಮಗಳು ಒಪ್ಪಂದದಲ್ಲಿ ಮತ್ತೇನನ್ನೋ ಕಂಡು ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. “ಅಜ್ಜಿ, ಅತಿಥಿಗಳು ವರ್ಷಕ್ಕೆ ಹದಿನೈದು ದಿನ ಮಾತ್ರ ಇರಬಹುದು ಅಂತ ಇದೆ. ಅತಿಥಿ ಅಂದ್ರೆ ನಾನಾ?”

ಬೇಸಿಗೆ ರಜೆಯೆಲ್ಲ ನಮ್ಮ ಮನೆಯಲ್ಲೇ ಇರುವ ಹುಡುಗಿ. ಏನು ಹೇಳಲಿ? ಅಲ್ಲಿರುವ ವಯಸ್ಸಾದವರಿಗೆ ಗಲಾಟೆಯಾಗಬಾರದೆಂದು ಆ ನಿಯಮ ಮಾಡಿರುತ್ತಾರೆ, ತಪ್ಪೇನಲ್ಲ ಎಂದು ವಿವರಿಸಿದೆ. ಅವಳು ತಲೆಯಾಡಿಸಿದಳು. ನೋಟ್‌ಬುಕ್ಕಿನಲ್ಲಿ ‘15’ ಎಂದು ಬರೆದು ಸುತ್ತಲೂ ಗೆರೆ ಹಾಕಿದಳು.

ಸಂಜೆ ಕೈದಾಳಕ್ಕೆ ನಡೆದು ಹೋದೆವು. ಗೂಳೂರಿಗೆ ಹತ್ತಿರದ ಹಳ್ಳಿ. ಅಲ್ಲಿನ ಚೆನ್ನಕೇಶವ, ಗಂಗಾಧರೇಶ್ವರ ಗುಡಿಗಳು ಹೊಯ್ಸಳ ಒಂದನೇ ನರಸಿಂಹನ ಕಾಲದ್ದು. ಬಾಚಿ ಎಂಬ ಸಾಮಂತ ಕಟ್ಟಿಸಿದ್ದೆಂದು ಶಾಸನ ಹೇಳುತ್ತದೆ. ಜನ ಹೇಳುವುದು ಜಕಣಾಚಾರಿಯ ಕಥೆ. ಮೇಷ್ಟ್ರು ಬಿಡುತ್ತಾರೆಯೇ? ದಾರಿಯುದ್ದಕ್ಕೂ ಮೊಮ್ಮಗಳಿಗೆ ಕಥೆ ನಡೆಯಿತು. ಮನೆ ಬಿಟ್ಟು ಹೋದ ಶಿಲ್ಪಿ, ಅಪ್ಪನನ್ನು ಹುಡುಕುತ್ತ ಹೊರಟ ಮಗ, ಬೇಲೂರಿನಲ್ಲಿ ಗುರುತಿಲ್ಲದೆ ಎದುರಾದ ಅಪ್ಪ ಮಗ, ಕಲ್ಲಿನ ಹೊಟ್ಟೆಯೊಳಗಿನ ಕಪ್ಪೆ, ಮಾತಿಗೆ ತಪ್ಪದೆ ಅಪ್ಪ ಕತ್ತರಿಸಿಕೊಂಡ ಬಲಗೈ. ಕೊನೆಗೆ ತನ್ನೂರಿಗೆ ಮರಳಿ ಬಂದು ಈ ಕೇಶವನನ್ನು ಕೆತ್ತಿದ ಮೇಲೆ ಕೈ ಮತ್ತೆ ಬಂದಿತಂತೆ. ಕೈದಾಳವೆಂಬ ಹೆಸರಿಗೆ ಜನ ಕೊಡುವ ಕಾರಣ ಅದು. “ಜಕಣಾಚಾರಿಯ ಹೆಂಡತಿ ಏನಾದಳು ತಾತ?” ಎಂದು ಅವಳು ಕೇಳಿದಳು. ಮೇಷ್ಟ್ರಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಅವಳು ಗುಡಿಯ ಸುತ್ತ ಕಂಬಗಳನ್ನು ನೋಡುತ್ತ ಹೋದಳು. ನಾವು ಮೆಟ್ಟಿಲ ಮೇಲೆ ಕೂತೆವು. ಬ್ಯಾಂಕಿನ ಸಾಲು ಕಂಡಾಗಿನಿಂದ ಗಂಟಲಲ್ಲಿದ್ದ ಮಾತನ್ನು ಆಗ ಆಡಿದೆ.

“ನಿಮಗೆ 61, ನನಗೆ 56. ನಮ್ಮಮ್ಮ 91ರವರೆಗೆ ಇದ್ದರು. ನಿಮ್ಮ ಹಾಳೆಯಲ್ಲಿ ಕೊನೆಯವರೆಗೂ ‘ಇಬ್ಬರಿಗೆ’ ಅಂತಲೇ ಬರೆದಿದ್ದೀರಿ. ಒಬ್ಬರೇ ಉಳಿದಾಗ ಎಷ್ಟಾಗುತ್ತೆ ಅಂತ ಬರೆದಿಲ್ಲ.”

ಇವರು ಮಾತಾಡಲಿಲ್ಲ. ಮೂವತ್ತಾರು ವರ್ಷದಲ್ಲಿ ನಾವು ಈ ವಿಷಯ ಎತ್ತಿದ್ದು ಅದೇ ಮೊದಲು. ಅಪಶಕುನ ಅಂದುಕೊಂಡೋ ಏನೋ, ನಮ್ಮ ಮನೆಗಳಲ್ಲಿ ಎತ್ತುವುದಿಲ್ಲ. ನಾನು ಮೊಮ್ಮಗಳ ಪೆನ್ನು ತೆಗೆದುಕೊಂಡು ಅದೇ ಹಾಳೆಯ ಅಂಚಿನಲ್ಲಿ ಬರೆದು ತೋರಿಸಿದೆ. ನಮ್ಮ ರಾಜ್ಯ ಸರ್ಕಾರದ ನೌಕರರಿಗೆ ಪೂರ್ಣ ಸೇವೆಗೆ ಪಿಂಚಣಿ ಕೊನೆಯ ಮೂಲವೇತನದ ಅರ್ಧ. ಕುಟುಂಬ ಪಿಂಚಣಿ ಮೂಲವೇತನದ ನೂರಕ್ಕೆ 30. ಇವರ ಮೂಲವೇತನ 80,000 ಇತ್ತು. ಇವರಿಗೆ 40,000, ನನಗೆ 24,000. ತುಟ್ಟಿಭತ್ಯೆ ಸೇರಿಸಿದರೆ ಇವರ 45,000ದ ಜಾಗದಲ್ಲಿ ನನಗೆ ಬರುವುದು ಸುಮಾರು 27,000. ನಿವೃತ್ತಿಯ ಮೊದಲ ಕೆಲವು ವರ್ಷಗಳಿಗೆ ಬೇರೆ ದರವಿದೆ, ನಾನು ನೋಡುತ್ತಿದ್ದುದು ಅದರಾಚೆಯ ದಿನಗಳನ್ನು. 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದವರ ಲೆಕ್ಕವಂತೂ ಬೇರೆಯೇ. ಅವರು ಹೊಸ ಪಿಂಚಣಿ ಯೋಜನೆಯವರು, ಕೂಡಿಟ್ಟ ಗಂಟಿನ ಮೇಲೆ ಅವರ ಬದುಕು.

ಪಿಂಚಣಿ ಇಷ್ಟು ಇಳಿದಾಗ ಸಮುಚ್ಚಯದ ಖರ್ಚು ಅರ್ಧವಾಗುವುದಿಲ್ಲ. ಇಬ್ಬರಿದ್ದರೂ ಒಬ್ಬರಿದ್ದರೂ ಮನೆ ಒಂದೇ, ಲಿಫ್ಟು ಒಂದೇ, ಕಾವಲುಗಾರ ಒಬ್ಬನೇ. ಕಡಿಮೆಯಾಗುವುದು ಒಂದು ತಟ್ಟೆ ಊಟ. ಒಬ್ಬರಿಗೆ 26,000 ಎಂದು ಅವರ ಪಟ್ಟಿಯಲ್ಲೇ ಇತ್ತು. 27,000ದಲ್ಲಿ 26,000 ಹೋದರೆ ಒಂದು ಸಾವಿರ. ಅದರಲ್ಲಿ ಔಷಧಿ, ಫೋನು, ಸೀರೆ, ಮುಯ್ಯಿ, ಮೊಮ್ಮಗಳ ಹುಟ್ಟುಹಬ್ಬ. ಬಡ್ಡಿ ಇಲ್ಲ, ಏಕೆಂದರೆ 30 ಲಕ್ಷ ಗೋಡೆಯಾಗಿ ನಿಂತಿರುತ್ತದೆ. ಗೋಡೆಯನ್ನು ಮಾರೋಣವೆಂದರೆ ಕೊಳ್ಳುವವರು 55 ದಾಟಿರಬೇಕು, ಅವರ ಮೂಲಕವೇ ಮಾರಬೇಕು, ವರ್ಗಾವಣೆ ಶುಲ್ಕ ಕೊಡಬೇಕು. ಹಾಸಿಗೆ ಹಿಡಿದರೆ ಬೇಕಾಗುವ ಆಯಾ ಖರ್ಚು ಈ ಯಾವ ಅಂಕಿಯಲ್ಲೂ ಇಲ್ಲ, ಅದು ಪ್ರತ್ಯೇಕ.

“ಒಂದು ಸಾವಿರ” ಎಂದರು ಇವರು. ಮತ್ತೆ ಏನೂ ಹೇಳಲಿಲ್ಲ. ಆಮೇಲೆ, “ನಿನಗೆ ಒಂದು ಒಳ್ಳೆ ಜಾಗ ಮಾಡಿಕೊಟ್ಟು ಹೋಗಬೇಕು ಅಂತಲೇ ಇದನ್ನೆಲ್ಲ ಮಾಡಿದ್ದು ಕಣೆ” ಎಂದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಹಾಗಾದರೆ ಹಳ್ಳಿಗೇ ಬಂದುಬಿಡುವುದೇ? ಗೂಳೂರಿಗೆ ಬಂದಾಗಲೆಲ್ಲ ಇವರಿಗೆ ಆ ಹುಕಿ ಏಳುತ್ತದೆ. ಅಕ್ಕನ ಬದುಕನ್ನು ನೋಡಿದರೆ ಯಾರಿಗಾದರೂ ಹಾಗನ್ನಿಸುತ್ತದೆ. ಅವರಿಗೆ ಸಂಧ್ಯಾ ಸುರಕ್ಷಾದ 1,200, ಗೃಹಲಕ್ಷ್ಮಿಯ 2,000 ರೂಪಾಯಿ, ಪಡಿತರದ ಅಕ್ಕಿ, ಹಾಲಿನ ದುಡ್ಡು, ಒಂದಿಷ್ಟು ತೆಂಗಿನಕಾಯಿ. ಮಗ ಆಗಾಗ ಕಳಿಸುತ್ತಾನೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದರೆ ಅಲ್ಲಿ ಹತ್ತು ಜನ ಸಿಗುತ್ತಾರೆ. ವಾರಕ್ಕೊಮ್ಮೆ ಸ್ತ್ರೀಶಕ್ತಿ ಸಂಘ. ಚೌತಿಯಿಂದ ಜಾತ್ರೆಯವರೆಗೆ ಗಣಪನ ಗುಡಿಯ ಹತ್ತಿರ ಒಂದಲ್ಲ ಒಂದು ಕೆಲಸ. ಪುಸ್ತಿಕೆಯಲ್ಲಿ ಬಣ್ಣದ ಚಿತ್ರ ಹಾಕಿ ಮಾರುವ ಒಡನಾಟ ಇವರಿಗೆ ಪುಕ್ಕಟೆ.

ಆದರೆ ರಾತ್ರಿ ಊಟಕ್ಕೆ ಕೂತಾಗ ಅಕ್ಕನೇ ಹೇಳಿದ ಸಂಗತಿ ಕೇಳಿ. ಕಳೆದ ಮಳೆಗಾಲದಲ್ಲಿ ಒಂದು ಬೆಳಗಿನ ಜಾವ ಬಚ್ಚಲಲ್ಲಿ ಜಾರಿ ಬಿದ್ದರಂತೆ. ನಮಗೆ ತಿಳಿಸಿರಲೇ ಇಲ್ಲ! “ಏಳಕಾಗ್ನಿಲ್ಲ ಕಣಮ್ಮಿ. ಕೂಗಿದ್ರೆ ಯಾರ್ಗ್ ಕೇಳ್ತದೆ, ಬಚ್ಲು ಹಿತ್ಲಾಗೈತೆ. ಡೈರಿಗೆ ಹಾಲ್ ಬರ್ನಿಲ್ಲ ಅಂತ ಪಕ್ಕದ್ಮನೆ ಹುಡ್ಗಿ ನೋಡಕ್ ಬಂದ್ಲು. ಅಷ್ಟೊತ್ಗೆ ಎರಡು ಗಂಟೆ ಆಗಿತ್ತು.” 108 ಬಂದು ಜಿಲ್ಲಾ ಆಸ್ಪತ್ರೆಗೆ ಒಯ್ದರಂತೆ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಹೇಳುವಾಗ ನಗುತ್ತಲೇ ಹೇಳಿದರು. ನನ್ನ ಕಣ್ಣ ಮುಂದೆ ಮಾತ್ರ ಆ ಸಮುಚ್ಚಯದ ಕೆಂಪು ಹಗ್ಗ ತೂಗಾಡುತ್ತಿತ್ತು. ಎರಡು ಗಂಟೆ ಹೊತ್ತು ಒದ್ದೆ ನೆಲದಲ್ಲಿ ಬಿದ್ದಿರುವವರಿಗೆ ಆ ಹಗ್ಗದ ಬೆಲೆ ಎಷ್ಟು? ಯಾವ ಕಾಲಂನಲ್ಲಿ ಬರೆಯುವುದು? ಹಳ್ಳಿಯಲ್ಲಿ ಎಲ್ಲ ಅಗ್ಗ, ಎಲ್ಲರೂ ನಮ್ಮವರು ಎನ್ನುವವರು ಒಮ್ಮೆ ಆ ಬಚ್ಚಲನ್ನು ನೋಡಬೇಕು. ಅದಕ್ಕೇ ನಾನು ಆ ಸಮುಚ್ಚಯಗಳನ್ನು ಹಗುರವಾಗಿ ಮಾತಾಡಲಾರೆ. ಮಕ್ಕಳು ದೂರ ಇರುವವರಿಗೆ, ಕೈಯಲ್ಲಿ ಗಂಟಿರುವವರಿಗೆ ಅವು ಬೇಕೇ ಬೇಕು.

ಪಾಲು ಮಾರುವ ಮಾತನ್ನು ಕೊನೆಗೂ ಎತ್ತಿದ್ದು ಅಕ್ಕನೇ. ಜಗಲಿಯಲ್ಲಿ ಬಿಚ್ಚಿಟ್ಟ ಹಾಳೆಯನ್ನು ಅವರೇನು ನೋಡದೆ ಇರಲಿಲ್ಲ. “ಮಾರಂಗಿದ್ರೆ ಮಾರಪ್ಪ. ನಿಂದ್ ನೀನ್ ಮಾರ್ತೀಯ, ನಾನ್ಯಾರು ಬ್ಯಾಡ ಅನ್ನಕೆ? ಗ್ವಾಡೆ ಎಲ್ಲಿಗ್ ಬತ್ತದೆ ಅಂತ ಹೇಳ್ಬುಡು, ಹಸೀನ ಕಡೀಕೆ ಕಟ್ಕಂತೀನಿ.” ಇವರು ತಟ್ಟೆಯಲ್ಲೇ ಕೈ ತೊಳೆದುಕೊಂಡರು. ಇನ್ನೂ ಅರ್ಧ ಮುದ್ದೆ ಹಾಗೇ ಇತ್ತು.

ಆ ರಾತ್ರಿ ನಾವಿಬ್ಬರೂ ಹೊಸ ಹಾಳೆ ಹಾಕಿದೆವು. ಎರಡು ಕಾಲಂ. ಒಂದಕ್ಕೆ ‘ಇಬ್ಬರು’, ಇನ್ನೊಂದಕ್ಕೆ ‘ಒಬ್ಬರು’. ಹೆಸರು ಬರೆಯಲಿಲ್ಲ. ಅದೇ ಸಮುಚ್ಚಯದಲ್ಲಿ ಮನೆಯನ್ನು ಬಾಡಿಗೆಗೂ ಕೊಡುತ್ತಾರೆ, ತಿಂಗಳಿಗೆ 22,000. ಮೊದಲ ಸಲ ಅದು ದುಬಾರಿಯೆಂದು ಪುಟ ಮಗುಚಿದ್ದೆವು. ಈಗ ಬರೆದು ನೋಡಿದೆವು. 30 ಲಕ್ಷವನ್ನು ಮುಟ್ಟದಿದ್ದರೆ ಇಬ್ಬರ ಆದಾಯ 45,000ಕ್ಕೆ 20,500 ಕೂಡಿ 65,500. ಬಾಡಿಗೆ, ಖರ್ಚು ಸೇರಿ 56,000. ಉಳಿಯುವುದು 9,500. ಒಬ್ಬರ ಕಾಲಂನಲ್ಲಿ 27,000ಕ್ಕೆ 20,500 ಕೂಡಿದರೆ 47,500. ಖರ್ಚು 48,000. ಐನೂರು ರೂಪಾಯಿ ಸಾಲದು! ಮಲಗಿದ್ದಾಳೆ ಅಂದುಕೊಂಡಿದ್ದ ಮೊಮ್ಮಗಳು ರಗ್ಗಿನೊಳಗಿಂದ “ಆ ಐನೂರು ನಾನ್ ಕೊಡ್ತೀನಿ ಅಜ್ಜಿ” ಅಂದಳು.

ಔಷಧಿ ಸೇರಿಸಿದರೆ ಕೊರತೆ ಇನ್ನೂ ದೊಡ್ಡದೇ. ನೂರಕ್ಕೆ ಎಂಟರ ಏರಿಕೆ ಇಲ್ಲಿಗೂ ತಪ್ಪುವುದಿಲ್ಲ, ಬಡ್ಡಿಯ ದರ ಮುಂದೆಯೂ ಇಷ್ಟೇ ಇರುತ್ತದೆಂದು ಹೇಳಲಾಗದು. ಆದರೆ ಈ ಕಾಲಂನಲ್ಲಿ 30 ಲಕ್ಷ ನಮ್ಮ ಕೈಯಲ್ಲಿರುತ್ತದೆ, ಗೂಳೂರಿನ ಪಾಲೂ ಇರುತ್ತದೆ. ಹಿಡಿಸದಿದ್ದರೆ ನೋಟಿಸು ಕೊಟ್ಟು ಹೊರಡಬಹುದು. ಅಂಚೆ ಕಚೇರಿಯ ಖಾತೆಯನ್ನು ಇವರ ನಂತರ ಹೆಂಡತಿಯಾದ ನಾನು, ಆಗ ನನಗೂ ಆ ಯೋಜನೆಯ ಅರ್ಹತೆ ಇದ್ದರೆ, ಅವಧಿ ಮುಗಿಯುವವರೆಗೆ ಮುಂದುವರಿಸಬಹುದು. ನಾಮಿನಿಯ ಜಾಗದಲ್ಲಿ ನನ್ನ ಹೆಸರು ಸರಿಯಾಗಿದೆಯೇ ಎಂದು ಬೆಂಗಳೂರಿಗೆ ಹೋದ ಮೊದಲ ದಿನವೇ ನೋಡಬೇಕೆಂದು ಇವರೇ ಬರೆದುಕೊಂಡರು. ನೀವೂ ನಿಮ್ಮ ಮನೆಯ ಪಾಸ್‌ಪುಸ್ತಕಗಳನ್ನು ಒಮ್ಮೆ ತೆಗೆದು ನೋಡಿ. ಎಷ್ಟೋ ಮನೆಗಳಲ್ಲಿ ನಾಮಿನಿ ಜಾಗದಲ್ಲಿ ಎಂದೋ ತೀರಿಹೋದ ತಾಯಿಯ ಹೆಸರೇ ಇರುತ್ತದೆ.

ಹಾಗೆ, ಸದ್ಯಕ್ಕೆ ಮಾರುವುದಿಲ್ಲ, ಕೊಳ್ಳುವುದಿಲ್ಲ. ಆ ಸಮುಚ್ಚಯದಲ್ಲಿ ಒಂದು ತಿಂಗಳು ಬಾಡಿಗೆಗೆ ಇದ್ದು ನೋಡಲು ಅವಕಾಶವಿದೆ, ಮಾರ್ಚಿನಲ್ಲಿ ಹೋಗುತ್ತೇವೆ. ಹೋದಾಗ ಕೇಳಬೇಕಾದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಒಬ್ಬರು ತೀರಿಕೊಂಡರೆ ಠೇವಣಿಯಲ್ಲಿ ಎಷ್ಟು, ಯಾವಾಗ ವಾಪಸು? ಮರೆವಿನ ಕಾಯಿಲೆ ಬಂದರೆ ಇಟ್ಟುಕೊಳ್ಳುತ್ತಾರೆಯೇ, ಕಳಿಸುತ್ತಾರೆಯೇ? ನರ್ಸು ರಾತ್ರಿಯೂ ನಿಜವಾಗಿ ಇರುತ್ತಾಳೆಯೇ? ಇದನ್ನು ಪುಸ್ತಿಕೆ ಕೊಡುವವರನ್ನಲ್ಲ, ಅಲ್ಲಿ ಒಂಟಿಯಾಗಿರುವ ಹೆಂಗಸೊಬ್ಬರನ್ನು ಕೇಳಬೇಕೆಂದಿದ್ದೇನೆ.

ಗೂಳೂರಿನ ಬಚ್ಚಲನ್ನು ಮಾತ್ರ ಕಾಯಿಸುವಂತಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಇವರು ಊರಿನ ಮೇಸ್ತ್ರಿಯನ್ನು ಕರೆಸಿದರು. ಹಿತ್ತಲಿನಿಂದ ಮನೆಯೊಳಕ್ಕೆ ಬಚ್ಚಲು ತರುವುದು, ಜಾರದ ಕಲ್ಲು, ಕೂರುವ ಕಮೋಡು, ಗೋಡೆಗೆ ಎರಡು ಹಿಡಿಕೆ, ಪಕ್ಕದ ಮನೆಗೆ ಕೇಳುವಂಥ ಒಂದು ಕರೆಗಂಟೆ. ಎಲ್ಲ ಸೇರಿ 85,000 ಎಂದ. ಅಕ್ಕ “ಸಾಯ ಕಾಲ್ದಲ್ಲಿ ನಂಗ್ಯಾಕಪ್ಪ ಕಮೋಡು” ಎಂದು ಗೊಣಗಿದರು. “ನಿಮಗಲ್ಲ ಅತ್ತಿಗೆ, ನಮಗೆ. ನಾವು ಬಂದಾಗ ಬೇಕಲ್ಲ” ಎಂದರು ಇವರು. ಗುಣಿಸುವುದು ಬಾರದಿದ್ದರೂ ಮೇಷ್ಟ್ರಿಗೆ ಇಂಥ ಮಾತು ಬರುತ್ತದೆ. ಅಳತೆ ಹಿಡಿಯಲು ಟೇಪಿನ ಇನ್ನೊಂದು ತುದಿ ಹಿಡಿದು ನಿಂತವಳು ಮೊಮ್ಮಗಳು. ಕರೆಗಂಟೆಯನ್ನು ನಿಂತು ಒತ್ತುವಷ್ಟು ಎತ್ತರದಲ್ಲಿ ಇಡಲು ಹೊರಟ ಮೇಸ್ತ್ರಿಗೆ, ಬಿದ್ದವರ ಕೈಗೆ ಎಟುಕಬೇಕಲ್ಲವೇ ಎಂದು ನೆಲದಿಂದ ಒಂದಡಿ ಎತ್ತರಕ್ಕೆ ಗುರುತು ಹಾಕಿಸಿದವಳೂ ಅವಳೇ.

ಬಸ್ಸಿಗೆ ಹೊರಟಾಗ ಅಕ್ಕ ಗೋಣಿಚೀಲದಲ್ಲಿ ಸುಲಿದ ತೆಂಗಿನಕಾಯಿ ತುಂಬಿ ಕೊಟ್ಟರು. ಬೆಂಗಳೂರಿನ ಬೆಲೆಗೆ ಸಣ್ಣ ಆಸ್ತಿಯೇ ಅದು. ನಾನು ಬೇಡ ಬೇಡವೆಂದೆ. ಅವರು ಮೊಮ್ಮಗಳ ಕಡೆ ತಿರುಗಿದರು.

“ಎಷ್ಟವೆ ಎಣಿಸ್ಕಂಡ್ಯೇನವ್ವ? ಇಪ್ಪತ್ತು. ಬರ್ಕ ನಿನ್ ಪುಸ್ತಕದಾಗೆ. ನಿಮ್ ತಾತನ ಮರದವು ಹತ್ತು, ನನ್ ಮರದವು ಹತ್ತು.”

ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಬರೆದುಕೊಂಡಳು.